ನಲ್ಲಿ ಹೊರಗಿರುವ ಮನೆಯಲ್ಲಿ ರಾತ್ರಿ ಹಲ್ಲುಜ್ಜುವುದು: ಸಿದ್ದಾಪುರ ಕಡೆಯ ಒಂದು ಪ್ರಕರಣ

ರೋಗಿ ನಾಲ್ಕೂವರೆ ವರ್ಷದ ಹುಡುಗ. ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ, ಅಂದರೆ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳೊಂದರಲ್ಲಿ ವಾಸ. ತಂದೆ ಅದೇ ತೋಟದಲ್ಲಿ ಮೇಸ್ತ್ರಿ. ತಾಯಿ ಕೊಯ್ಲಿನ ಕಾಲದಲ್ಲಿ ಕಾಫಿ ಕೊಯ್ಯುತ್ತಾರೆ, ಉಳಿದ ತಿಂಗಳುಗಳಲ್ಲಿ ಕಳೆ, ಗೊಬ್ಬರ, ಕಾಳುಮೆಣಸು ಎಂದು ಸಿಕ್ಕ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ತಂದೆಯ ತಾಯಿ ಇದ್ದಾರೆ, ಏಳು ವರ್ಷದ ಅಕ್ಕ ಇದ್ದಾಳೆ. ಎರಡು ತಲೆಮಾರಿನ ಹಿಂದೆ ಪಿರಿಯಾಪಟ್ಟಣ ಕಡೆಯಿಂದ ಬಂದು ಇಲ್ಲೇ ನೆಲೆನಿಂತ ಕುಟುಂಬ. ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ.

ಅವರು ನನ್ನಲ್ಲಿಗೆ ಬಂದದ್ದು ಫೆಬ್ರುವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿರುವಾಗ. ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ ಆ ದಿನಗಳಲ್ಲಿ ಯಾರೂ ಹಲ್ಲಿನ ವೈದ್ಯರ ಮನೆಬಾಗಿಲಿಗೆ ಸುಮ್ಮನೆ ಬರುವುದಿಲ್ಲ. ಹುಡುಗನ ಎಡಗೆನ್ನೆ ಊದಿತ್ತು, ಮೈ ಬಿಸಿಯಾಗಿತ್ತು, ಎರಡು ರಾತ್ರಿಯಿಂದ ಮನೆಯವರು ಯಾರೂ ನಿದ್ದೆ ಮಾಡಿರಲಿಲ್ಲ. ಅದಕ್ಕೂ ಹಿಂದಿನ ವಾರ ಅಜ್ಜಿ ಲವಂಗ ಜಜ್ಜಿ ಹಲ್ಲಿನ ತೂತಿಗೆ ಇಟ್ಟಿದ್ದರು. ಲವಂಗದಲ್ಲಿರುವ ಯೂಜಿನಾಲ್ ನೋವನ್ನು ಮರಗಟ್ಟಿಸುತ್ತದೆ, ಆದ್ದರಿಂದ ಮೊದಲ ಎರಡು ದಿನ ಕೆಲಸ ಮಾಡಿದಂತೆ ಕಂಡಿತು. ಒಳಗೆ ನರದವರೆಗೆ ಹೋಗಿದ್ದ ಹುಳುಕಿಗೆ ಅದರಿಂದ ಏನೂ ಆಗಲಿಲ್ಲ.

ಬಾಯಲ್ಲಿ ಕಂಡದ್ದು

ಮಗುವಿನ ಬಾಯಲ್ಲಿ ಇರಬೇಕಾದ ಇಪ್ಪತ್ತು ಹಾಲುಹಲ್ಲುಗಳೂ ಬಂದಿದ್ದವು. ಮೇಲಿನ ಮುಂದಿನ ನಾಲ್ಕು ಹಲ್ಲುಗಳು ಕಂದು ಬಣ್ಣದ ಮೋಟುಗಳಾಗಿ ಉಳಿದಿದ್ದವು. ಕೆಳಗಿನ ಮುಂದಿನ ನಾಲ್ಕು ಹಲ್ಲುಗಳಲ್ಲಿ ಮಾತ್ರ ಒಂದು ಚುಕ್ಕೆಯೂ ಇರಲಿಲ್ಲ. ದವಡೆ ಹಲ್ಲುಗಳು ಎಂಟರಲ್ಲಿ ಐದು ಹುಳುಕಾಗಿದ್ದವು. ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಒಸಡು ಉಬ್ಬಿತ್ತು.

ಹೀಗೆ ಮೇಲಿನ ಹಲ್ಲು ಕರಗಿ ಕೆಳಗಿನವು ಉಳಿದಿದ್ದರೆ ಏನು ನಡೆದಿದೆ ಎಂದು ಮನೆಯವರನ್ನು ಕೇಳುವ ಮೊದಲೇ ಅರ್ಧ ಗೊತ್ತಾಗುತ್ತದೆ. ಬಾಟಲಿಯಲ್ಲಿ ಹಾಲು ಕುಡಿಯುತ್ತ ಮಲಗಿದ ಮಗುವಿನ ನಾಲಿಗೆ ಕೆಳಗಿನ ಮುಂಹಲ್ಲುಗಳ ಮೇಲೆ ಹಾಸಿಕೊಂಡಿರುತ್ತದೆ. ನಾಲಿಗೆಯ ಅಡಿಯಲ್ಲೇ ಜೊಲ್ಲುಗ್ರಂಥಿಗಳ ಬಾಯಿ ತೆರೆದಿರುವುದರಿಂದ ಆ ಭಾಗ ತೊಳೆಯುತ್ತಲೂ ಇರುತ್ತದೆ. ಮೇಲಿನ ಹಲ್ಲುಗಳಿಗೆ ಈ ಎರಡು ರಕ್ಷಣೆಯೂ ಇಲ್ಲ, ಸಿಹಿ ಹಾಲು ಅವುಗಳ ಸುತ್ತ ನಿಲ್ಲುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದೇ ಕಡಿಮೆ. ವಿಚಾರಿಸಿದಾಗ, ನಾಲ್ಕು ವರ್ಷ ತುಂಬುವವರೆಗೂ ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಇತ್ತು ಎಂದು ತಾಯಿ ಹೇಳಿದರು. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಮನೆ. ಬೆಳಗಿನ ಜಾವ ಎದ್ದು ಅಡುಗೆ ಮುಗಿಸಿ ಕೆಲಸಕ್ಕೆ ಹೊರಡಬೇಕಾದವರು. ಅಳುವ ಮಗುವಿನ ಬಾಯಿಗೆ ಬಾಟಲಿ ಕೊಟ್ಟವರನ್ನು ನಾನು ಗದರುವುದಿಲ್ಲ.

ಅಕ್ಕನನ್ನು ಯಾರೂ ತೋರಿಸಲು ತಂದಿರಲಿಲ್ಲ. ಮನೆಯಲ್ಲಿ ಒಬ್ಬಳೇ ಬಿಡಲಾಗದೆ ಜೊತೆಗೆ ಕರೆತಂದಿದ್ದರು. ಕುರ್ಚಿ ಖಾಲಿಯಾದಾಗ ಅವಳನ್ನೂ ಕೂರಿಸಿ ನೋಡಿದೆ. ಆರನೆಯ ವರ್ಷದ ದವಡೆ ಹಲ್ಲುಗಳು ನಾಲ್ಕೂ ಬಂದಿದ್ದವು. ಕೆಳಗಿನ ಬಲಗಡೆಯದರ ಗೀರುಗಳಲ್ಲಿ ಹುಳುಕು ಆಗತಾನೇ ಶುರುವಾಗಿತ್ತು. "ಅದೂ ಬಿದ್ದುಹೋಗುವ ಹಲ್ಲು ತಾನೇ?" ಎಂದು ತಾಯಿ ಕೇಳಿದರು. ಆ ಹಲ್ಲು ಯಾವ ಹಾಲುಹಲ್ಲನ್ನೂ ಬೀಳಿಸದೆ, ಎಲ್ಲ ಹಲ್ಲುಗಳ ಹಿಂದೆ ಸದ್ದಿಲ್ಲದೆ ಹುಟ್ಟುತ್ತದೆ. ಹಲ್ಲು ಬಿದ್ದರೆ ಮಾತ್ರ ಹೊಸ ಹಲ್ಲು ಎಂದು ತಿಳಿದವರಿಗೆ ಅದು ಶಾಶ್ವತ ಹಲ್ಲು ಎಂದು ಹೇಗೆ ಗೊತ್ತಾಗಬೇಕು? ನನ್ನ ಕೆಲಸದಲ್ಲಿ ಅತಿ ಹೆಚ್ಚು ಕೈತಪ್ಪುವ ಹಲ್ಲು ಇದೇ. ಆ ದಿನದ ನಿಜವಾದ ರೋಗಿ ಅವಳು ಎಂದೇ ಈಗಲೂ ನನ್ನ ಅಭಿಪ್ರಾಯ.

ಒಂದು ದಿನದ ಲೆಕ್ಕ

ಕೀವಿನ ಹಲ್ಲನ್ನು ತೆಗೆದು, ನೋವು ಇಳಿದು, ಮುಂದಿನ ಸಲ ಬಂದಾಗ ತಾಯಿಯನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಹುಡುಗನ ಹಿಂದಿನ ದಿನವನ್ನು ಬರೆದೆವು. ಏನು ತಿಂದ ಎನ್ನುವುದಕ್ಕಿಂತ ಯಾವಾಗ ಬಾಯಿಗೆ ಹಾಕಿಕೊಂಡ ಎನ್ನುವುದನ್ನು ಬರೆಸಿದೆ.

ಎದ್ದ ಕೂಡಲೇ ಬೆಲ್ಲದ ಕಾಫಿ, ಅದರಲ್ಲಿ ಅದ್ದಿದ ಬಿಸ್ಕತ್ತು. ಸ್ವಲ್ಪ ಹೊತ್ತಿನ ನಂತರ ಅಕ್ಕಿರೊಟ್ಟಿ, ಜೊತೆಗೆ ಸಕ್ಕರೆ. ಕೊಯ್ಲಿನ ದಿನಗಳಲ್ಲಿ ಅವನನ್ನು ಅಂಗನವಾಡಿಗೆ ಬಿಟ್ಟು ಕರೆತರಲು ಆಗದೆ ತಾಯಿ ತೋಟಕ್ಕೇ ಕರೆದೊಯ್ಯುತ್ತಿದ್ದರು. ಕಾಫಿ ಗಿಡದ ನೆರಳಲ್ಲಿ ಚೀಲ ಹಾಸಿ ಕೂರಿಸಿ ಕೈಗೆ ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಊಟದ ಹೊತ್ತಿನವರೆಗೆ ಸುಮ್ಮನಿರುತ್ತಾನೆ. ಒಂದು ಚೂರು ಈಗ, ಇನ್ನೊಂದು ಚೂರು ಆಮೇಲೆ. ಮಧ್ಯಾಹ್ನ ಮನೆಗೆ ಬಂದು ಅಜ್ಜಿಯ ಸುಪರ್ದಿಗೆ. ಅಜ್ಜಿಯ ಬಳಿ ಒಂದು ತಗಡಿನ ಡಬ್ಬಿ ಇದೆ: ಮಡಿಕೇರಿಯಲ್ಲಿ ಹೋಂ ಮೇಡ್ ಚಾಕೊಲೇಟ್ ಅಂಗಡಿಯಲ್ಲಿ ಕೆಲಸಕ್ಕಿರುವ ಸಂಬಂಧಿಕರೊಬ್ಬರು ಬಂದಾಗಲೆಲ್ಲ ಮುರಿದ ಚೂರುಗಳನ್ನು ತಂದು ತುಂಬುತ್ತಾರೆ. ಹುಡುಗ ಅತ್ತಾಗಲೆಲ್ಲ ಡಬ್ಬಿ ತೆರೆಯುತ್ತದೆ. ಸಂಜೆ ಚಹಾ, ರಸ್ಕ್. ಊಟ. ಮಲಗುವ ಮುನ್ನ ಕೆಮ್ಮಿಗೆ ಒಂದು ಚಮಚ ಜೇನು, ಮಳೆಗಾಲವಾದರೆ ಅದರ ಜೊತೆ ಔಷಧದ ಅಂಗಡಿಯ ಸಿಹಿ ಸಿರಪ್.

ತೋಟದಲ್ಲಿ ಕೂತು ಮೆಲ್ಲುವುದನ್ನು ಒಂದೇ ಎಂದು ಹಿಡಿದರೂ ಒಂಬತ್ತು ಸಲ ಆಯಿತು. ಬಿಡಿಸಿ ಎಣಿಸಿದರೆ ಹದಿನೈದು ದಾಟುತ್ತದೆ.

ತಾಯಿಯ ಮನಸ್ಸಿನಲ್ಲಿ ಅಪರಾಧಿ ಬೇರೆ ಇದ್ದ. ಬಟವಾಡೆಯ ದಿನ ಗಂಡ ಸಂತೆಯಿಂದ ಮೈಸೂರುಪಾಕು, ಜಿಲೇಬಿ ತರುತ್ತಾರೆ. "ಹೇಳಿದರೆ ಕೇಳುವುದಿಲ್ಲ ಮೇಡಂ, ಅದರಿಂದಲೇ ಹಲ್ಲು ಹೋಯಿತು" ಎಂದು ಅವರ ದೂರು. ವಾರಕ್ಕೊಮ್ಮೆ ಊಟದ ಜೊತೆ ತಿಂದು ಮುಗಿಸುವ ಜಿಲೇಬಿಯನ್ನು ನಾನು ಆ ಪಟ್ಟಿಯಿಂದ ಹೊಡೆದುಹಾಕಿದಾಗ ಅವರಿಗೆ ನಂಬಿಕೆ ಬರಲಿಲ್ಲ.

ಕಾರಣ ಹೀಗಿದೆ. ಹಲ್ಲಿನ ಮೇಲೆ ಸದಾ ಇರುವ ಅಂಟು ಪದರದಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ನಂಥ ಬ್ಯಾಕ್ಟೀರಿಯಾಗಳಿವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅವು ಅದನ್ನು ಆಮ್ಲವಾಗಿಸುತ್ತವೆ. ಹುಳಿಯನ್ನು ಅಳೆಯುವ ಪಿಎಚ್ ಅಂಕಿ (ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚದಿಂದ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರಲು ಶುರು. ಜೊಲ್ಲು ಆ ಹುಳಿಯನ್ನು ತಣಿಸಿ, ಕಳೆದುಹೋದ ಖನಿಜವನ್ನು ವಾಪಸು ತುಂಬಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಜಿಲೇಬಿ ತಿಂದರೂ ಅಷ್ಟೇ, ನಾಲ್ಕು ತಿಂದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಆದರೆ ಇಪ್ಪತ್ತು ನಿಮಿಷಕ್ಕೊಂದು ಚೂರು ಬಿಸ್ಕತ್ತು ಬಿದ್ದರೆ ಜೊಲ್ಲಿಗೆ ತನ್ನ ಕೆಲಸ ಮುಗಿಸಲು ಬಿಡುವೇ ಇಲ್ಲ. ಹುಡುಗನ ಹಲ್ಲುಗಳು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಹುಳಿಯಲ್ಲಿ ನೆನೆಯುತ್ತಿದ್ದವು.

ಇದು ಗೊತ್ತಾದ ಬಗೆ ಹೆಮ್ಮೆಪಡುವಂಥದ್ದಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ವೀಪೆಹೋಲ್ಮ್ ಎಂಬಲ್ಲಿ, ಬುದ್ಧಿಮಾಂದ್ಯರನ್ನು ಇಟ್ಟಿದ್ದ ಆಸ್ಪತ್ರೆಯೊಂದರಲ್ಲಿ, ಒಳರೋಗಿಗಳಿಗೆ ವರ್ಷಗಟ್ಟಲೆ ಬೇರೆ ಬೇರೆ ಬಗೆಯಲ್ಲಿ ಸಕ್ಕರೆ ತಿನ್ನಿಸಿ ಹಲ್ಲು ಹಾಳಾಗುವುದನ್ನು ನೋಡಿದರು. ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟಾಗಿ ಏರಲಿಲ್ಲ. ಊಟಗಳ ನಡುವೆ ಅಂಟುವ ಟಾಫಿ ತಿಂದವರ ಹಲ್ಲು ಹಾಳಾಯಿತು. ತಮ್ಮ ಒಪ್ಪಿಗೆ ಕೊಡಲಾಗದ ಜನರ ಬಾಯಿಯಿಂದ ಬಂದ ತಿಳಿವಳಿಕೆ ಅದು. ಇಂದಿಗೂ ನಾವು ಕೊಡುವ ಸಲಹೆ ಅದರ ಮೇಲೇ ನಿಂತಿದೆ.

ಬೆಲ್ಲ ಮತ್ತು ಜೇನಿನ ವಿಷಯದಲ್ಲಿ ಅಜ್ಜಿಯ ಜೊತೆ ಸಣ್ಣ ವಾದವೇ ಆಯಿತು. "ಡಾಕ್ಟರಮ್ಮಾ, ಇದು ಅಂಗಡಿಯ ಸಕ್ಕರೆಯಲ್ಲ, ಕಾಡಿನ ಜೇನು" ಎಂದರು. ಕೊಡಗಿನ ಜೇನಿನ ಬಗ್ಗೆ ನನಗೂ ಅಭಿಮಾನವಿದೆ. ಆದರೆ ಜೇನಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಸಕ್ಕರೆಗಳೇ. ಬೆಲ್ಲವೂ ಬಹುಪಾಲು ಸುಕ್ರೋಸ್, ಅಂದರೆ ಅಂಗಡಿಯ ಸಕ್ಕರೆಯೇ. ಬಾಯಿಯ ಬ್ಯಾಕ್ಟೀರಿಯಾಗೆ ಕಾಡಿನದು, ಅಂಗಡಿಯದು ಎಂಬ ಭೇದ ತಿಳಿಯುವುದಿಲ್ಲ. ಇನ್ನೊಂದು ವಿಚಿತ್ರವೆಂದರೆ, ಆ ಪಟ್ಟಿಯಲ್ಲಿ ಚಾಕೊಲೇಟಿಗಿಂತ ಬಿಸ್ಕತ್ತೇ ನನ್ನನ್ನು ಹೆಚ್ಚು ಚಿಂತೆಗೀಡುಮಾಡಿತು. ಚಾಕೊಲೇಟು ಕರಗಿ ಬೇಗ ಇಳಿದುಹೋಗುತ್ತದೆ. ಬಿಸ್ಕತ್ತಿನ ಮೈದಾ ಹಿಟ್ಟು ದವಡೆ ಹಲ್ಲಿನ ಗೀರುಗಳಲ್ಲಿ ಅಂಟಿ ಕೂತು ಗಂಟೆಗಟ್ಟಲೆ ಬಿಡುವುದಿಲ್ಲ.

ಪುಡಿ, ಪೇಸ್ಟ್ ಮತ್ತು ಒಂದು ವಿಡಿಯೊ

ಬೆಳಿಗ್ಗೆ ಎಲ್ಲರೂ ಹಲ್ಲುಜ್ಜುತ್ತಿದ್ದರು. ದೊಡ್ಡವರು ಕೆಂಪು ಪುಡಿಯಲ್ಲಿ ಬೆರಳಿನಿಂದ, ಮಕ್ಕಳಿಬ್ಬರೂ ಒಂದೇ ಬ್ರಷ್‌ನಲ್ಲಿ. ಆ ಬ್ರಷ್ಷನ್ನು ನೋಡಬೇಕೆಂದು ತರಿಸಿದೆ. ಎಳೆಗಳು ಎರಡೂ ಕಡೆಗೆ ಬಾಗಿ ಮಲಗಿದ್ದವು. ಪೇಸ್ಟ್ ಮೊದಲು ಇತ್ತಂತೆ. ಫ್ಲೋರೈಡ್ ವಿಷ, ಮೂಳೆ ಬಾಗುತ್ತದೆ ಎಂಬ ವಿಡಿಯೊವನ್ನು ಯಾರೋ ಮೊಬೈಲಿಗೆ ಕಳುಹಿಸಿದ ಮೇಲೆ ಬೇವು, ಲವಂಗದ ಚಿತ್ರವಿರುವ, ಫ್ಲೋರೈಡ್ ಇಲ್ಲದ ಪೇಸ್ಟಿಗೆ ಬದಲಾಯಿಸಿದರು. ಕೊನೆಗೆ ಅದೂ ದುಬಾರಿಯೆನಿಸಿ ಪುಡಿಗೆ ಬಂದರು.

ಆ ಭಯ ಪೂರ್ತಿ ಹುಸಿಯೇನೂ ಅಲ್ಲ. ಕೋಲಾರ, ಪಾವಗಡದಂಥ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂದು ನಿಯಮವಿದೆ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲಿನಲ್ಲಿ ಕಲೆ ಕಾಣುತ್ತದೆ; ಪ್ರಮಾಣ ಇನ್ನೂ ಬಹಳ ಹೆಚ್ಚಿದ್ದ ಕಡೆ ಮೂಳೆಯಲ್ಲೂ ತೊಂದರೆ ಕಂಡಿದೆ. ವಿಡಿಯೊದಲ್ಲಿ ತೋರಿಸಿದ ಕಾಲುಗಳು ಅಂಥವರದೇ ಇರಬಹುದು. ಆದರೆ ಆ ಕಥೆ ನೀರಿನದು. ಮಳೆ ಸುರಿಯುವ, ಒರತೆ ಮತ್ತು ತೆರೆದ ಬಾವಿಯ ನೀರು ಕುಡಿಯುವ ಈ ಮನೆಯವರ ಬಾಯಿಗೆ ನೀರಿನಿಂದ ಹೆಚ್ಚು ಫ್ಲೋರೈಡ್ ಬರುವ ಸಂಭವ ಕಡಿಮೆ. ಇಲ್ಲಿ ಅದು ಬರಬೇಕಾದದ್ದು ಪೇಸ್ಟಿನಿಂದ, ನುಂಗಲು ಅಲ್ಲದೆ ಹಲ್ಲಿನ ಮೇಲ್ಮೈಗೆ. ಕರಗುತ್ತಿರುವ ಕವಚಕ್ಕೆ ಖನಿಜ ಮರಳಿ ಕೂರುವಾಗ ಫ್ಲೋರೈಡ್ ಅಲ್ಲಿದ್ದರೆ, ಹೊಸದಾಗಿ ಕೂತ ಪದರ ಮೊದಲಿನದಕ್ಕಿಂತ ಹುಳಿಯನ್ನು ಹೆಚ್ಚು ತಡೆಯುತ್ತದೆ.

ನಮ್ಮ ದೇಶದ ನಿಯಮದ ಪ್ರಕಾರ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಮೀರುವಂತಿಲ್ಲ, ಎಷ್ಟಿದೆ ಎನ್ನುವುದನ್ನು ಟ್ಯೂಬಿನ ಮೇಲೂ ಪೆಟ್ಟಿಗೆಯ ಮೇಲೂ ಮುದ್ರಿಸಬೇಕು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 1000 ಎಂಬ ಅಂಕಿಯನ್ನು ಹುಡುಕಲು ಅಕ್ಕನಿಗೆ ಹೇಳಿಕೊಟ್ಟೆ. ಮನೆಯಲ್ಲಿ ಸಣ್ಣ ಅಕ್ಷರ ಓದಬಲ್ಲವಳು ಅವಳೇ. ಮಕ್ಕಳ ಪೇಸ್ಟ್ ಎಂದು ಬಣ್ಣದ ಚಿತ್ರದೊಂದಿಗೆ ಮಾರುವವುಗಳಲ್ಲಿ ಹಲವದರಲ್ಲಿ ಫ್ಲೋರೈಡ್ ಅರ್ಧದಷ್ಟೇ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಈ ಹುಡುಗನ ಬಾಯಿ ಇಷ್ಟು ಹದಗೆಟ್ಟಿರುವಾಗ ದೊಡ್ಡವರ ಸಾಮಾನ್ಯ ಪೇಸ್ಟೇ ಸರಿ, ಪ್ರಮಾಣ ಮಾತ್ರ ಬಟಾಣಿ ಕಾಳಿನಷ್ಟು. ಮೂರು ವರ್ಷದೊಳಗಿನ ಮಗುವಾಗಿದ್ದರೆ ಒಂದು ಅಕ್ಕಿಕಾಳಿನಷ್ಟು ಸಾಕು ಎನ್ನುತ್ತಿದ್ದೆ. ಜಾಹೀರಾತಿನಲ್ಲಿ ಬ್ರಷ್‌ನ ತುದಿಯಿಂದ ತುದಿಗೆ ಅಲೆಯಂತೆ ಹಾಕುವ ಪೇಸ್ಟ್ ಕಂಪನಿಯ ಲಾಭಕ್ಕಿರುವುದು.

ಬ್ರಷ್ ಇಬ್ಬರಿಗೂ ಬೇರೆ. ಮಳೆಗಾಲದ ಕೊಡಗಿನಲ್ಲಿ ಚಪ್ಪಲಿ, ಬೆಲ್ಟು, ಗೋಡೆ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಮುಚ್ಚಳ ಹಾಕಿದ ಬ್ರಷ್ಷಿಗೂ ಹಿಡಿಯುತ್ತದೆ. ಮುಚ್ಚಳ ಬಿಸಾಡಿ, ಎಳೆ ಮೇಲೆ ಮಾಡಿ, ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಲೋಟದಲ್ಲಿ ನಿಲ್ಲಿಸಲು ಹೇಳಿದೆ.

ಕತ್ತಲಾದ ಮೇಲೆ ನಲ್ಲಿ

ನಿಜವಾದ ತೊಡಕು ರಾತ್ರಿಯ ಹಲ್ಲುಜ್ಜುವಿಕೆಯಲ್ಲಿತ್ತು. ಮಲಗುವ ಮುನ್ನ ಉಜ್ಜಬೇಕೆಂದು ಹೇಳಿದಾಗ ತಾಯಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಅರ್ಥ "ನೀವು ಹೇಳಿ, ನಾವು ಕೇಳಿಸಿಕೊಳ್ಳುತ್ತೇವೆ" ಎಂದು ಈ ಕಡೆ ಕೆಲಸ ಮಾಡುವ ಎಲ್ಲ ವೈದ್ಯರಿಗೂ ಗೊತ್ತು. ಯಾಕೆ ಆಗುವುದಿಲ್ಲ ಎಂದು ಕೆದಕಿ ಕೇಳಿದ ಮೇಲೆ ಅಜ್ಜಿ ಬಾಯಿಬಿಟ್ಟರು.

ಲೈನ್ ಮನೆಗಳ ಸಾಲಿನ ತುದಿಯಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ಬಚ್ಚಲೂ ಅಲ್ಲೇ. ಸಂಜೆ ಆರೂವರೆಯ ನಂತರ ಯಾರೂ ಮಕ್ಕಳನ್ನು ಅಂಗಳ ದಾಟಿಸುವುದಿಲ್ಲ. ಸಿದ್ದಾಪುರ ಸುತ್ತಿನ ತೋಟಗಳಲ್ಲಿ ಆನೆಗಳು ಹಗಲು ಕಾಫಿಯ ನಡುವೆ ನಿಂತು, ಕತ್ತಲಾದ ಮೇಲೆ ಹಲಸು, ಬಾಳೆ ಹುಡುಕಿ ಹೊರಡುತ್ತವೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ದಿನಗಟ್ಟಲೆ ಕರೆಂಟಿಲ್ಲ. ದೊಡ್ಡವರೇ ಟಾರ್ಚು ಹಿಡಿದು, ಒಬ್ಬರನ್ನು ಜೊತೆಗೆ ಕರೆದುಕೊಂಡು ಹೊರಗೆ ಹೋಗುವ ಜಾಗ ಅದು. ನಿದ್ದೆಗಣ್ಣಿನ ಮಗುವನ್ನು ಬಾಯಿ ತೊಳೆಸಲು ಅಲ್ಲಿಗೆ ಕರೆದೊಯ್ಯಿ ಎಂದು ನಾನು ಹೇಳುತ್ತಿದ್ದೆ! ಶಾಲೆಗಳಲ್ಲಿ ನಡೆಯುವ ದಂತ ಶಿಬಿರಗಳಲ್ಲಿ ಪ್ಲಾಸ್ಟಿಕ್ ದವಡೆ ಹಿಡಿದು "ದಿನಕ್ಕೆರಡು ಸಲ" ಎಂದು ಪಾಠ ಒಪ್ಪಿಸಿ ಬರುತ್ತೇವೆ. ನಲ್ಲಿ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಆದರೆ ರಾತ್ರಿ ಹಲ್ಲುಜ್ಜಲು ನಲ್ಲಿ ಬೇಕೇ ಇಲ್ಲ. ಉಜ್ಜಿದ ಮೇಲೆ ನೊರೆಯನ್ನು ಚೆನ್ನಾಗಿ ಉಗುಳಬೇಕು, ನೀರು ಹಾಕಿ ಮುಕ್ಕಳಿಸಬಾರದು. ಮುಕ್ಕಳಿಸಿದರೆ ಹಲ್ಲಿನ ಮೇಲೆ ರಾತ್ರಿಯಿಡೀ ಇರಬೇಕಾದ ಫ್ಲೋರೈಡ್ ತೊಳೆದುಹೋಗುತ್ತದೆ. ನೀರು ತುಂಬಿದ ಸ್ನಾನದ ಮನೆಯಿರುವವರಿಗೆ ಈ ಮಾತನ್ನು ಒಪ್ಪಿಸಲು ಬಹಳ ಕಷ್ಟ. ಬಾಯಿ ಚಪ್ಪೆ, ಅಂಟು, ಕೊಳಕು ಎಂದು ಮುಖ ಸಿಂಡರಿಸುತ್ತಾರೆ. ಈ ಮನೆಗೆ ಅದೇ ಮಾತು ವರವಾಯಿತು. ಬ್ರಷ್ಷನ್ನು ಮೊದಲು ಒದ್ದೆ ಮಾಡುವ ಅಗತ್ಯವೂ ಇಲ್ಲ. ಬೇಕಾದದ್ದು ಉಗುಳಲು ಒಂದು ಜಾಗ.

ಆ ಜಾಗವನ್ನು ತೋರಿಸಿದವರು ಅಜ್ಜಿ. ಅವರು ಎಲೆಯಡಿಕೆ ಹಾಕುವವರು. ರಾತ್ರಿ ಉಗುಳಲು ಹಾಸಿಗೆಯ ಪಕ್ಕದಲ್ಲಿ ಒಲೆಯ ಬೂದಿ ತುಂಬಿದ ಹಳೆಯ ಡಬ್ಬಿಯೊಂದನ್ನು ಎಷ್ಟೋ ವರ್ಷಗಳಿಂದ ಇಟ್ಟುಕೊಂಡಿದ್ದಾರೆ, ಬೆಳಿಗ್ಗೆ ಹೊರಗೆ ಚೆಲ್ಲುತ್ತಾರೆ. "ಮಕ್ಕಳಿಗೂ ಒಂದು ಇಟ್ಟರಾಯಿತಲ್ಲ" ಎಂದರು, ಇಷ್ಟು ಹೊತ್ತು ನಾವಿಬ್ಬರೂ ಯಾಕೆ ಹೆಣಗುತ್ತಿದ್ದೇವೆ ಎಂಬಂತೆ. ಅದಕ್ಕಿಂತ ಒಳ್ಳೆಯ ಉಪಾಯ ನನ್ನ ಬಳಿ ಇರಲಿಲ್ಲ.

ಇನ್ನು ಯಾರು ಉಜ್ಜಬೇಕು ಎಂಬ ಪ್ರಶ್ನೆ. ನಾಲ್ಕೂವರೆ ವರ್ಷದ ಮಗು ತಾನೇ ಉಜ್ಜಿದರೆ ಬ್ರಷ್ ಕಚ್ಚಿ ಪೇಸ್ಟ್ ನುಂಗುತ್ತದೆ, ಅಷ್ಟೇ. ಏಳೆಂಟು ವರ್ಷದವರೆಗೆ ದೊಡ್ಡವರ ಕೈಯೇ ಬೇಕು. ತಾಯಿ ಗೋಡೆಗೆ ಒರಗಿ ನೆಲದ ಮೇಲೆ ಕೂರುವುದು, ಹುಡುಗ ಮಲಗಿ ತಲೆಯನ್ನು ಅವರ ಮಡಿಲಲ್ಲಿ ಇಡುವುದು, ಅಕ್ಕ ಮೊಬೈಲಿನ ಬೆಳಕು ಹಿಡಿಯುವುದು. ಹಾಗೆ ಮಲಗಿಸಿದರೆ ಮೇಲಿನ ದವಡೆಯ ಒಳಭಾಗವೂ ಕಾಣುತ್ತದೆ, ಎರಡು ನಿಮಿಷ ಸಾಕು. ಕೊನೆಗೆ ಎದ್ದು ಕೂತು ಡಬ್ಬಿಗೆ ಉಗುಳಬೇಕು. ಊಟ ಮುಗಿದ ಕೂಡಲೇ, ನಿದ್ದೆ ಕಣ್ಣಿಗೆ ಬರುವ ಮೊದಲು ಮುಗಿಸಬೇಕೆಂದು ನಾವೇ ಸಮಯ ಗೊತ್ತುಮಾಡಿದೆವು. ಜೇನು, ಸಿರಪ್ ಎರಡೂ ಊಟದ ಜೊತೆಗೇ. ಉಜ್ಜಿದ ಮೇಲೆ ನೀರು ಬಿಟ್ಟು ಏನೂ ಇಲ್ಲ. ಔಷಧವನ್ನು ನಿಲ್ಲಿಸಬೇಡಿ, ಸಕ್ಕರೆಯಿಲ್ಲದ್ದು ಸಿಗುತ್ತದೆಯೇ ಎಂದು ವೈದ್ಯರನ್ನು ಕೇಳಿ ಎಂದೆ.

ತಿನ್ನುವುದರಲ್ಲಿ ಬದಲಾಯಿಸಲು ಕೇಳಿಕೊಂಡದ್ದು ಎರಡೇ. ತೋಟಕ್ಕೆ ಬಿಸ್ಕತ್ತಿನ ಪೊಟ್ಟಣದ ಬದಲು ಹುರಿದ ಕಡಲೆಕಾಯಿ, ಕಾಲದಲ್ಲಿ ಸಿಕ್ಕರೆ ಸೀಬೆ, ಸೌತೆಕಾಯಿ. ಅಜ್ಜಿಯ ಚಾಕೊಲೇಟ್ ಡಬ್ಬಿ ಇರಲಿ, ದಿನಕ್ಕೊಂದೇ ಸಲ, ಮಧ್ಯಾಹ್ನದ ಊಟವಾದ ತಕ್ಷಣ ತೆರೆಯಲಿ. ಬೆಳಗಿನ ಬೆಲ್ಲದ ಕಾಫಿಯನ್ನು ಮುಟ್ಟಲು ಹೋಗಲಿಲ್ಲ. ಮನೆಯ ಒಲೆಯ ಮೊದಲ ಕೆಲಸವೇ ಅದು; ಅದನ್ನು ಕಿತ್ತುಕೊಂಡರೆ ಉಳಿದ ಮಾತುಗಳನ್ನೂ ಕೇಳುವುದಿಲ್ಲ. ರೊಟ್ಟಿಯ ಜೊತೆಗೇ ಕೊಡಿ ಎಂದಷ್ಟೇ ಹೇಳಿದೆ. ಎರಡು ಸಲ ಇದ್ದದ್ದು ಹಾಗೆ ಒಂದಾಯಿತು.

ಚಿಕಿತ್ಸೆ

ಕೀವಾದ ಹಲ್ಲು ಮೊದಲ ದಿನವೇ ಹೋಗಿತ್ತು. ಮೇಲಿನ ಮೋಟುಗಳಿಗೂ ದವಡೆಯ ಎರಡು ತೂತುಗಳಿಗೂ ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವ ಹಚ್ಚಿದೆ. ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ, ಹತ್ತಿಯಲ್ಲಿ ಒರೆಸಿ ಹಚ್ಚಿದರೆ ಹುಳುಕು ಅಲ್ಲಿಗೇ ನಿಂತು ಗಟ್ಟಿಯಾಗುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಚ್ಚಿದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ ಎನ್ನುವುದನ್ನು ಮೊದಲೇ ಹೇಳಬೇಕು, ಹೇಳಿದೆ. "ಅಂಗನವಾಡಿಯಲ್ಲಿ ನಗುವುದಿಲ್ಲವೇ?" ಎಂದು ತಾಯಿ ಹಿಂಜರಿದರು. "ಈಗೇನು ಮಲ್ಲಿಗೆ ಮೊಗ್ಗಿನ ಹಾಗಿವೆಯೇ?" ಎಂದು ಅಜ್ಜಿ ತೀರ್ಪು ಕೊಟ್ಟರು. ಉಳಿದ ಎರಡು ದವಡೆ ಹಲ್ಲುಗಳನ್ನು ಗ್ಲಾಸ್ ಅಯೊನೊಮರ್ ಸಿಮೆಂಟಿನಿಂದ ಮುಚ್ಚಿದ್ದಾಯಿತು. ಹಾಲುಹಲ್ಲಿಗೆ ಇಷ್ಟೆಲ್ಲ ಯಾಕೆ ಎಂದು ತಂದೆ ಕೇಳಿದರು. ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕಾದವು. ಅಷ್ಟು ವರ್ಷ ಅವನು ಅಗಿಯಬೇಕು, ಹಿಂದೆ ಬರುವ ಹಲ್ಲುಗಳಿಗೆ ಅವು ಜಾಗ ಕಾಯಬೇಕು.

ಕಿತ್ತ ಹಲ್ಲಿನ ಜಾಗ ಮುಚ್ಚದಂತೆ ತಂತಿ ಕೂರಿಸಲು ವಿರಾಜಪೇಟೆಯ ದಂತ ವೈದ್ಯಕೀಯ ಕಾಲೇಜಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟೆ. ಹೋಗಲಿಲ್ಲ. ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಅದೂ ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ.

ಅಕ್ಕನ ಹಲ್ಲಿನ ಆರಂಭದ ಹುಳುಕನ್ನು ತೆಗೆದು ತುಂಬಿ, ಉಳಿದ ಮೂರರ ಗೀರುಗಳನ್ನೂ ಅದೇ ಸಿಮೆಂಟಿನಿಂದ ಮುಚ್ಚಿದೆ. ಒಂದೇ ಸಲ ಕೂರಿಸಿ ಮುಗಿಸಿದ ಕೆಲಸ.

ಅಜ್ಜಿಯ ಬಾಯನ್ನೂ ನೋಡಿದೆ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಇರುವುದರಿಂದ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಪರೀಕ್ಷಿಸುವುದು ಅಗತ್ಯವಾಗಿತ್ತು. ಸದ್ಯ ಬಿಳಿ ಮಚ್ಚೆಯಾಗಲಿ ಹುಣ್ಣಾಗಲಿ ಇಲ್ಲ. ಹೊಗೆಸೊಪ್ಪು ಬಿಡಿ ಎಂದದ್ದಕ್ಕೆ ನಕ್ಕರು.

ಹುತ್ತರಿ ಕಳೆದ ಮೇಲೆ

ಮಳೆಗಾಲದಲ್ಲಿ ಅವರು ಬರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಕೊಡಗಿನ ಸುಗ್ಗಿಹಬ್ಬವಾದ ಹುತ್ತರಿ ಮುಗಿದು, ಮುಂದಿನ ಕೊಯ್ಲು ಶುರುವಾಗುವ ಮೊದಲು ತಾಯಿ, ಅಜ್ಜಿ, ಮಕ್ಕಳು ನಾಲ್ವರೂ ಬಂದರು. ಸಿಲ್ವರ್ ಹಚ್ಚಿದ ಜಾಗಗಳು ಕಪ್ಪಾಗಿ, ಉಪಕರಣದ ತುದಿಗೆ ಗಾಜಿನಷ್ಟು ಗಟ್ಟಿಯಾಗಿ ತಾಗಿದವು. ಅಲ್ಲಿ ಹುಳುಕು ನಿಂತಿದೆ. ನೋವಿಲ್ಲ, ಊತವಿಲ್ಲ. ಆದರೆ ಮೇಲಿನ ಬಲಗಡೆಯ ಎರಡು ದವಡೆ ಹಲ್ಲುಗಳ ನಡುವಿನ ಸಂದಿಯಲ್ಲಿ ಹೊಸದೊಂದು ತೂತು ಕಂಡಿತು. ಬ್ರಷ್‌ನ ಎಳೆ ಮುಟ್ಟದ ಜಾಗ ಅದು, ಅಲ್ಲಿಗೆ ಹಲ್ಲಿನ ನೂಲೇ ಬೇಕು. ಈಗಾಗಲೇ ಇಷ್ಟು ಮಾಡುತ್ತಿರುವ ಮನೆಗೆ ಅದನ್ನೂ ಹೇರಲೇ ಎಂದು ಯೋಚಿಸಿ, ತುಂಬಿ ಕಳುಹಿಸಿದೆ. ವಾರಕ್ಕೆ ಎರಡು ಸಲವಾದರೂ ನೂಲು ಎಳೆಯುವುದನ್ನು ತಾಯಿಗೆ ತೋರಿಸಿದೆ. ಮಾಡುತ್ತಾರೋ ಇಲ್ಲವೋ, ಬಾಯಿ ನೋಡಿದಾಗ ತಿಳಿಯುತ್ತದೆ.

ರಾತ್ರಿಯ ಉಜ್ಜುವಿಕೆ ಜುಲೈಯಲ್ಲೂ ತಪ್ಪಿರಲಿಲ್ಲವಂತೆ. ಬೆಳಗಿನದೇ ಎಷ್ಟೋ ದಿನ ತಪ್ಪಿದೆ, ಅದಕ್ಕೆ ನಲ್ಲಿಯವರೆಗೆ ಹೋಗಬೇಕಲ್ಲ ಎಂದು ತಾಯಿ ಸಹಜವಾಗಿ ಹೇಳಿದರು. ಬೆಳಿಗ್ಗೆಯೂ ಡಬ್ಬಿಯನ್ನೇ ಬಳಸಿ ಎಂದೆ. ಎರಡರಲ್ಲಿ ಒಂದೇ ಆಗುವುದಾದರೆ ರಾತ್ರಿಯದೇ ಉಳಿಯಲಿ.

ಹುತ್ತರಿಯ ವಾರ ತಂಬಿಟ್ಟು, ಬಾಳೆಹಣ್ಣು, ನೆಂಟರು ತಂದ ಸಿಹಿ ಎಲ್ಲ ಧಾರಾಳವಾಗಿ ನಡೆದಿದೆ. ನಡೆಯಲಿ. ತೋಟಕ್ಕೆ ಬಿಸ್ಕತ್ತು ಹೋಗುವುದು ನಿಂತಿದೆ, ಏಕೆಂದರೆ ಹುಡುಗ ಈಗ ಅಂಗನವಾಡಿಗೆ ಹೋಗುತ್ತಾನೆ. ಪಕ್ಕದ ಲೈನಿನ ಮಕ್ಕಳ ಜೊತೆ ಕಳುಹಿಸುವ ವ್ಯವಸ್ಥೆಯಾಗಿದೆ. ನನ್ನ ಸಲಹೆಗಿಂತ ಆ ವ್ಯವಸ್ಥೆಯೇ ಹೆಚ್ಚು ಕೆಲಸ ಮಾಡಿದೆ ಎನ್ನುವುದನ್ನು ಬರೆದಿಡಬೇಕು. ಚಾಕೊಲೇಟ್ ಡಬ್ಬಿಯ ಬಗ್ಗೆ ಕೇಳಿದಾಗ ಅಜ್ಜಿ "ಒಂದೇ ಸಲ" ಎಂದರು, ಹಿಂದೆ ನಿಂತಿದ್ದ ಮೊಮ್ಮಗಳು ಎರಡು ಬೆರಳು ತೋರಿಸಿದಳು.

ಅವಳ ನಾಲ್ಕು ದವಡೆ ಹಲ್ಲುಗಳೂ ಚೆನ್ನಾಗಿವೆ. ಒಂದರಲ್ಲಿ ಸಿಮೆಂಟಿನ ಅಂಚು ಸವೆದಿತ್ತು, ಮತ್ತೆ ತುಂಬಿದೆ.

ಹುಡುಗನಿಗೆ ಈಗ ಐದೂಕಾಲು. ಇನ್ನೊಂದು ವರ್ಷದೊಳಗೆ ಅವನ ಆರನೆಯ ವರ್ಷದ ಹಲ್ಲುಗಳು ಬರುತ್ತವೆ, ಸಾಮಾನ್ಯವಾಗಿ ಕೆಳಗಿನವು ಮೊದಲು. ಕೊನೆಯ ಹಾಲುಹಲ್ಲಿನ ಹಿಂದೆ ಒಸಡಿನಲ್ಲಿ ಬಿಳಿಯ ತುದಿಯೊಂದು ಕಂಡ ದಿನವೇ ಕರೆತನ್ನಿ ಎಂದು ತಾಯಿಗೆ ಹೇಳಿದ್ದೇನೆ. ಅದು ಪೂರ್ತಿ ಮೇಲೇಳಲು ತಿಂಗಳುಗಳು ಬೇಕು. ಅಷ್ಟರವರೆಗೆ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುವುದರಿಂದ ಉದ್ದಕ್ಕೆ ಓಡಿಸಿದ ಬ್ರಷ್ ಅದರ ಮೇಲೆ ಹಾದುಹೋಗುತ್ತದೆ, ತಾಗುವುದಿಲ್ಲ. ಬ್ರಷ್ಷನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಒಳಗೆ ಹಾಕಿ ಆ ಒಂದು ಹಲ್ಲನ್ನೇ ಪ್ರತ್ಯೇಕವಾಗಿ ಉಜ್ಜಬೇಕು. ಅಕ್ಕನ ಬಾಯಲ್ಲಿ ಅದನ್ನು ತಾಯಿಯ ಕೈಯಿಂದಲೇ ಮಾಡಿಸಿ ನೋಡಿ ಕಳುಹಿಸಿದ್ದೇನೆ.